ಪಂಪಾಪತಿ ಎಂಬ ಹೆಸರು

ಹೊಸಪೇಟೆಯಿಂದ ಬಳ್ಳಾರಿಯ ಕಡೆಗೆ ಸಾಗುವ ರೈಲು ಹಾದಿಯಲ್ಲಿ ಬರುವ ಗಾದಿಗನೂರನ್ನು ನಡುವಿಗಿಟ್ಟುಕೊಂಡು ಸುತ್ತಲಿನ ಸೀಮೆಯನ್ನು ಗಮನಿಸಿದರೆ, ಯಾವ ದೇವರ ಜಾತ್ರೆಗೆ ಯಾವ ಊರಿನ ಬಂಡಿಗಳು ಹೋಗುತ್ತಿದ್ದವು ಎಂಬುದನ್ನು ಅಲ್ಲಿನ ಗಂಡುಮಕ್ಕಳ ಹೆಸರುಗಳಿಂದಲೇ ಬಹುಮಟ್ಟಿಗೆ ಹೇಳಬಹುದು. ದಕ್ಷಿಣಕ್ಕೆ ಸಂಡೂರಿನ ಬೆಟ್ಟದ ಮೇಲಿನ ದೇವರಿಂದ ಕುಮಾರಸ್ವಾಮಿ, ಹೊಸಪೇಟೆಯ ಬಳಿಯ ಜಂಬುನಾಥನ ಗುಡ್ಡದಿಂದ ಜಂಬಯ್ಯ ಮತ್ತು ಜಂಬಣ್ಣ, ತುಂಗಭದ್ರೆಯ ಆಚೆ ದಡದ ಹುಲಿಗಿಯ ಹುಲಿಗೆಮ್ಮನಿಂದ ಹುಲುಗಪ್ಪ, ಕುರುಗೋಡಿನ ದೊಡ್ಡ ಬಸವೇಶ್ವರನಿಂದ ದೊಡ್ಡಬಸಪ್ಪ, ಕೊಟ್ಟೂರಿನಿಂದ ಕೊಟ್ರೇಶ, ಮೊಹರಂ ಹಬ್ಬದ ಹರಕೆಯಿಂದ ಹಿಂದೂ ಮನೆಗಳಲ್ಲೂ ಹುಸೇನಪ್ಪ ಎಂಬ ಹೆಸರುಗಳು ಬಂದು ಈ ಬಯಲಿನಲ್ಲಿ ಒಂದರ ಪಕ್ಕ ಒಂದು ನೆಲೆಸಿವೆ. ಇವೆಲ್ಲವುಗಳ ನಡುವೆ ಪಂಪಾಪತಿ ಎಂಬ ಹೆಸರಿಗೆ ಬೇರೆಯದೇ ಒಂದು ಸ್ಥಾನವಿದೆ. ಕುಮಾರಸ್ವಾಮಿಯು ತಮಿಳುನಾಡಿನಲ್ಲೂ ಇದ್ದಾನೆ, ಬಸಪ್ಪನು ಕರ್ನಾಟಕದ ಮೂಲೆಮೂಲೆಯಲ್ಲೂ ಇದ್ದಾನೆ; ಆದರೆ ಪಂಪಾಪತಿ ಎಂಬ ಹೆಸರಿನವನು ಎಲ್ಲಿಯೇ ಕಂಡರೂ ಅವನ ಅಥವಾ ಅವನ ಹಿರಿಯರ ಮೂಲವನ್ನು ಹಂಪೆಯ ಆಸುಪಾಸಿನಲ್ಲಿ, ಇಲ್ಲವೇ ಹಂಪೆಯ ದೇವರಿಗೆ ನಡೆದುಕೊಳ್ಳುವ ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಗಳಲ್ಲಿ ಮತ್ತು ಅವುಗಳಿಗೆ ತಾಗಿದ ತೆಲುಗು ನಾಡಿನಲ್ಲಿ ಹುಡುಕುವುದು ಸಾಮಾನ್ಯವಾಗಿ ಸರಿಯಾಗಿಯೇ ಇರುತ್ತದೆ.

ವ್ಯಾಕರಣದ ಲೆಕ್ಕದಲ್ಲಿ ಈ ಹೆಸರು ಸರಳವಾದುದು. ‘ಪಂಪೆಯ ಪತಿ’ ಎಂದು ಬಿಡಿಸಬಹುದಾದ ಇದು ಷಷ್ಠೀ ತತ್ಪುರುಷ ಸಮಾಸ, ಅಂದರೆ ಮೊದಲ ಪದವು ಎರಡನೆಯದಕ್ಕೆ ‘ಅ’ ವಿಭಕ್ತಿಯ ಸಂಬಂಧದಿಂದ ಅಂಟಿಕೊಂಡು ಎರಡನೆಯ ಪದದ ಅರ್ಥವೇ ಪ್ರಧಾನವಾಗಿ ಉಳಿಯುವ ಜೋಡುಪದ. ಉಮಾಪತಿ, ಗಿರಿಜಾಪತಿ, ರಮಾಪತಿ ಎಂಬ ಹೆಸರುಗಳೂ ಇದೇ ಕಟ್ಟಿನವು. ಆದರೆ ಉಮೆ, ಗಿರಿಜೆ, ರಮೆಯರು ಇಡೀ ಭಾರತದ ಪುರಾಣಗಳು ಬಲ್ಲ ದೇವಿಯರಾಗಿದ್ದರೆ, ಪಂಪೆಯು ಒಂದು ನದಿಯ, ಒಂದು ದಡದ, ಒಂದು ಸರೋವರದ ಹೆಸರು. ಹಂಪೆಯ ಬಳಿ ಹರಿಯುವ ತುಂಗಭದ್ರೆಗೆ ಹಿಂದೆ ಪಂಪಾ ಎಂಬ ಹೆಸರಿತ್ತು. ಆನೆಗೊಂದಿಯ ಕಡೆ ಇರುವ ಪಂಪಾ ಸರೋವರವನ್ನು ಮಾನಸ, ಬಿಂದು, ನಾರಾಯಣ ಮತ್ತು ಪುಷ್ಕರ ಸರೋವರಗಳೊಡನೆ ಸೇರಿಸಿ ಐದು ಪವಿತ್ರ ಸರೋವರಗಳಲ್ಲಿ ಒಂದೆಂದು ಎಣಿಸುವ ಸಂಪ್ರದಾಯವಿದೆ. ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡವು ಪಂಪಾ ಸರೋವರದ ವರ್ಣನೆಯಿಂದಲೇ ಆರಂಭವಾಗುತ್ತದೆ. ಬಾದಾಮಿ ಚಾಲುಕ್ಯರ ವಿನಯಾದಿತ್ಯನು 7ನೆಯ ಶತಮಾನದ ಕೊನೆಯಲ್ಲಿ ಹೊರಡಿಸಿದ ತಾಮ್ರಶಾಸನವೊಂದರಲ್ಲಿ ಪಂಪೆಯ ದಡದ ಉಲ್ಲೇಖವಿದ್ದು, ಈ ಸ್ಥಳದ ಬಗ್ಗೆ ದೊರೆಯುವ ಅತ್ಯಂತ ಹಳೆಯ ಶಾಸನಾಧಾರಗಳಲ್ಲಿ ಅದು ಸೇರುತ್ತದೆ. ಅಲ್ಲಿ ಕಾಣುವುದು ಪಂಪೆಯ ಹೆಸರು ಮಾತ್ರ. ಅವಳ ಪತಿಯು ಶಾಸನಗಳೊಳಗೆ ಬರುವುದು ಬಹಳ ತಡವಾಗಿ.

ಈ ಅನುಕ್ರಮವೇ ಹೆಸರಿನ ಹುಟ್ಟನ್ನು ತಿಳಿಯಲು ಮುಖ್ಯವಾದುದು. ಹಂಪೆಯ ಧಾರ್ಮಿಕ ಇತಿಹಾಸವನ್ನು ಅಧ್ಯಯನ ಮಾಡಿದ ಫಿಲಿಪ್ ವ್ಯಾಗನರ್, ಅನಿಲಾ ವರ್ಗೀಸ್ ಮೊದಲಾದ ವಿದ್ವಾಂಸರ ಪ್ರಕಾರ, ನದಿಯನ್ನು ದಾಟುವ ಕಡವಿನ ಸ್ಥಳೀಯ ದೇವಿಯಾಗಿದ್ದ ಪಂಪೆಯೇ ಈ ಕ್ಷೇತ್ರದ ಮೊದಲ ಒಡತಿ. ಅನಂತರದ ಶತಮಾನಗಳಲ್ಲಿ ಶಿವನ ರೂಪವಾದ ವಿರೂಪಾಕ್ಷನೊಡನೆ ಅವಳ ವಿವಾಹ ನಡೆಯಿತೆಂಬ ಕಥೆ ಬೆಳೆದು, ಅದರೊಂದಿಗೆ ಕ್ಷೇತ್ರದ ಪ್ರಾಧಾನ್ಯವು ದೇವಿಯಿಂದ ದೇವನಿಗೆ ಜಾರಿತು. ಸ್ಥಳೀಯ ದೇವತೆಯೊಬ್ಬಳನ್ನು ಪುರಾಣಪ್ರಸಿದ್ಧ ದೇವರಿಗೆ ಮದುವೆ ಮಾಡಿಕೊಟ್ಟು ದೊಡ್ಡ ಪರಂಪರೆಯೊಳಗೆ ಸೇರಿಸಿಕೊಳ್ಳುವ ಈ ಕ್ರಮವು ಮಧುರೆಯ ಮೀನಾಕ್ಷಿಯೂ ಸೇರಿದಂತೆ ದಕ್ಷಿಣ ಭಾರತದ ಅನೇಕ ಕ್ಷೇತ್ರಗಳಲ್ಲಿ ಕಂಡುಬರುತ್ತದೆ. ಹಂಪೆಯ ಸ್ಥಳಪುರಾಣವು ಹೇಳುವ ಕಥೆಯಲ್ಲಿ ಬ್ರಹ್ಮನ ಮಾನಸಪುತ್ರಿಯಾದ ಪಂಪೆಯು ಸರೋವರದ ಬಳಿ ತಪಸ್ಸು ಮಾಡಿ ಹೇಮಕೂಟದ ಮೇಲೆ ಧ್ಯಾನದಲ್ಲಿದ್ದ ಶಿವನನ್ನು ಒಲಿಸಿಕೊಳ್ಳುತ್ತಾಳೆ. ಶಿವನು ಕಣ್ದೆರೆದು ಮನ್ಮಥನನ್ನು ಸುಟ್ಟ ಪ್ರಸಂಗವನ್ನೂ ಇದೇ ಗುಡ್ಡಕ್ಕೆ ತಂದು ಕೂರಿಸಲಾಗಿದೆ, ಹಂಪೆಯ ವಿರೂಪಾಕ್ಷ ದೇವಾಲಯದ ಉತ್ತರಕ್ಕಿರುವ ಕೊಳಕ್ಕೆ ಮನ್ಮಥ ಹೊಂಡವೆಂಬ ಹೆಸರು ಬಂದದ್ದೂ ಆ ಕಥೆಯಿಂದಲೇ. ಚಳಿಗಾಲದಲ್ಲಿ ನಡೆಯುವ ಫಲಪೂಜೆಯು ಈ ದಂಪತಿಯ ನಿಶ್ಚಿತಾರ್ಥವಾದರೆ, ಚೈತ್ರ ಮಾಸದ ಜಾತ್ರೆಯು ಮದುವೆ ಮತ್ತು ರಥೋತ್ಸವ. ಹೀಗಾಗಿ ಪಂಪಾಪತಿ ಎನ್ನುವಾಗ ದೇವರ ಗುರುತು ಅವನ ಹೆಂಡತಿಯ ಮೂಲಕ ನಡೆಯುತ್ತದೆ. ಮನೆ ಅವಳದು, ಅವನು ಅಲ್ಲಿಗೆ ಬಂದ ಅಳಿಯ. ದೇವಾಲಯದ ಒಳಗೆ ಪಂಪಾದೇವಿಗೆ ಇಂದು ಉತ್ತರ ದಿಕ್ಕಿನ ಒಂದು ಗುಡಿಯಷ್ಟೇ ಉಳಿದಿದ್ದರೂ, ಪಂಪಾಪತಿ ಎಂಬ ಹೆಸರಿನಲ್ಲಿ ಅವಳ ಪದವೇ ಮುಂದೆ ನಿಂತಿದೆ.

ಅದೇ ದೇವರ ಇನ್ನೊಂದು ಹೆಸರಾದ ವಿರೂಪಾಕ್ಷದ ದಾರಿ ಬೇರೆ. ‘ವಿರೂಪವಾದ ಅಕ್ಷಿಗಳುಳ್ಳವನು’, ಅಂದರೆ ಸಾಮಾನ್ಯರ ಕಣ್ಣಿನಂತಲ್ಲದ, ಮೂರನೆಯದೂ ಇರುವ ಕಣ್ಣುಗಳವನು ಎಂದು ಬಿಡಿಸಬೇಕಾದ ಇದು ಬಹುವ್ರೀಹಿ ಸಮಾಸ. ಇಲ್ಲಿ ಎರಡೂ ಪದಗಳು ಸೇರಿ ಹೊರಗಿನ ಮೂರನೆಯದೊಂದನ್ನು ಸೂಚಿಸುತ್ತವೆ. ಈ ಹೆಸರಿಗೆ ಯಾವ ಊರಿನ ಕಟ್ಟೂ ಇಲ್ಲ. ರಾಮಾಯಣದಲ್ಲಿ ರಾವಣನ ಕಡೆಯ ರಾಕ್ಷಸನೊಬ್ಬನ ಹೆಸರೂ ವಿರೂಪಾಕ್ಷನೇ, ಬೌದ್ಧರಲ್ಲಿ ಪಶ್ಚಿಮ ದಿಕ್ಕನ್ನು ಕಾಯುವ ನಾಗಗಳ ಒಡೆಯನೂ ವಿರೂಪಾಕ್ಷನೇ. ವಿಜಯನಗರದ ಅರಸರು ತಮ್ಮ ಶಾಸನಗಳ ಕೊನೆಯಲ್ಲಿ ಅಂಕಿತವಾಗಿ ಬಳಸಿದ್ದು ‘ಶ್ರೀ ವಿರೂಪಾಕ್ಷ’ ಎಂಬುದನ್ನು. ಶಾಸನದ ಪಾಠವು ಸಂಸ್ಕೃತದಲ್ಲಿ, ನಾಗರಿ ಲಿಪಿಯಲ್ಲಿ ಇದ್ದಾಗಲೂ ಈ ಅಂಕಿತ ಮಾತ್ರ ಕನ್ನಡ ಅಕ್ಷರಗಳಲ್ಲಿ ಇರುತ್ತಿತ್ತು. ರಾಜ್ಯವು ದೇವರದು, ಅರಸನು ಅವನ ಪರವಾಗಿ ಆಳುವವನು ಎಂಬ ಭಾವನೆ ಇದರ ಹಿಂದಿತ್ತು. ಅರಮನೆಯ ಮಕ್ಕಳಿಗೂ ಇದೇ ಹೆಸರು ಹೋಯಿತು: 2ನೆಯ ಹರಿಹರನ ಮಗನಾದ ವಿರೂಪಾಕ್ಷನು ‘ನಾರಾಯಣೀವಿಲಾಸ’ ಎಂಬ ಸಂಸ್ಕೃತ ನಾಟಕವನ್ನು ಬರೆದನು, 1404ರ ನಂತರ ಕೆಲ ಕಾಲ ಒಬ್ಬ ವಿರೂಪಾಕ್ಷರಾಯನೂ 1465ರಿಂದ 1485ರವರೆಗೆ ಇನ್ನೊಬ್ಬನೂ ಪಟ್ಟದ ಮೇಲಿದ್ದರು. ರಾಜ್ಯದ ಒಡೆಯನಾದ ದೇವರ ಹೆಸರನ್ನು ಹೊತ್ತ ಈ ಇಬ್ಬರೂ ಅರಸರಲ್ಲಿ ನತದೃಷ್ಟರ ಸಾಲಿಗೆ ಸೇರುವವರು ಎಂಬುದು ಗಮನಿಸತಕ್ಕ ಸಂಗತಿ; ಮೊದಲನೆಯವನ ಆಳ್ವಿಕೆ ಬೇಗನೆ ಮುಗಿಯಿತು, ಎರಡನೆಯವನ ಕಾಲದಲ್ಲಿ ಗೋವೆ ಕೈತಪ್ಪಿತಲ್ಲದೆ ಕೊನೆಗೆ ಅವನು ಮಗನ ಕೈಯಿಂದಲೇ ಸತ್ತನೆಂದು ಪೋರ್ಚುಗೀಸ್ ವ್ಯಾಪಾರಿ ನೂನಿಜ್ ಬರೆದಿದ್ದಾನೆ. ಅಚ್ಯುತರಾಯನ ಕಾಲದಲ್ಲಿ ಲೇಪಾಕ್ಷಿಯ ವೀರಭದ್ರ ದೇವಾಲಯವನ್ನು ಕಟ್ಟಿಸಿದ ವಿರೂಪಣ್ಣನ ಹೆಸರೂ ಇದರದೇ ಆಡುರೂಪವಾಗಿದ್ದು, ಅವನು ತನ್ನ ಕಣ್ಣುಗಳನ್ನೇ ಕಿತ್ತು ಗೋಡೆಗೆ ಎಸೆದನೆಂಬ ಜನಪ್ರಿಯ ಕಥೆಯನ್ನು ಓದುವಾಗ ಹೆಸರಿನ ಅರ್ಥವು ನೆನಪಾಗದೆ ಇರುವುದಿಲ್ಲ. ವಿಜಯನಗರವು ಹಾಳಾದ ಮೇಲೆಯೂ ಹೆಸರು ಬಾಡಲಿಲ್ಲ. ‘ಚೆನ್ನಬಸವ ಪುರಾಣ’ವನ್ನು 1584ರಲ್ಲಿ ಮುಗಿಸಿದ ಕವಿ ವಿರೂಪಾಕ್ಷ ಪಂಡಿತ.

ಅರಮನೆ, ಮಠ ಮತ್ತು ಪಂಡಿತರ ವಲಯದಲ್ಲಿ ವಿರೂಪಾಕ್ಷನೆಂಬ ಹೆಸರು ಓಡಾಡಿದರೆ, ಹೊಲ ಮತ್ತು ಸಂತೆಯ ಲೋಕವು ಪಂಪೆಯ ಹೆಸರನ್ನೇ ಹಿಡಿದುಕೊಂಡಿತೆಂದು ಹೇಳಲು ಕಾರಣವಿದೆ. ಈ ಸೀಮೆಯಲ್ಲಿ ದೇವಿಯ ಹೆಸರನ್ನು ಗಂಡುಮಗುವಿಗೆ ಇಡಲು ಎರಡು ದಾರಿಗಳಿವೆ. ಮೊದಲನೆಯದು ಹಳ್ಳಿಯ ದಾರಿ: ಅಲ್ಲಿ ‘ಅಮ್ಮ’ ಎಂಬ ಕೊನೆಯನ್ನು ತೆಗೆದು ‘ಅಪ್ಪ’, ‘ಅಣ್ಣ’ ಅಥವಾ ‘ಅಯ್ಯ’ ಎಂದು ಹಚ್ಚಿದರೆ ಸಾಕು, ಎಲ್ಲಮ್ಮನಿಂದ ಎಲ್ಲಪ್ಪ, ದುರುಗಮ್ಮನಿಂದ ದುರುಗಪ್ಪ, ಹುಲಿಗೆಮ್ಮನಿಂದ ಹುಲುಗಪ್ಪ ಆಗುತ್ತಾರೆ, ಆ ಅಪ್ಪನು ದೇವಿಗೆ ಏನಾಗಬೇಕೆಂದು ಯಾರೂ ಕೇಳುವುದಿಲ್ಲ. ಎರಡನೆಯದು ಸಂಸ್ಕೃತದ ದಾರಿ: ಅಲ್ಲಿ ದೇವಿಯ ಹೆಸರಿಗೆ ‘ಪತಿ’, ‘ಈಶ’, ‘ನಾಥ’ ಎಂದು ಸೇರಿಸಿ ಅವಳ ಗಂಡನ ಹೆಸರನ್ನು ಮಾಡಲಾಗುತ್ತದೆ. ಪಂಪೆಯ ಸಂಗತಿಯಲ್ಲಿ ಈ ಎರಡೂ ದಾರಿಗಳು ತೆರೆದಿದ್ದರಿಂದ ಪಂಪಣ್ಣ, ಪಂಪಯ್ಯ, ಪಂಪನಗೌಡ ಎಂಬ ಹೆಸರುಗಳೂ ಪಂಪಾಪತಿ ಎಂಬುದೂ ಒಂದೇ ಊರಿನಲ್ಲಿ, ಹಲವು ಸಲ ಒಂದೇ ಮನೆಯಲ್ಲಿ ಕಾಣಸಿಗುತ್ತವೆ. ಶಾಲೆಯ ಹಾಜರಿಯಲ್ಲಿ ಪಂಪಾಪತಿಯಾದವನು ಓಣಿಯಲ್ಲಿ ಪಂಪಣ್ಣನಾಗಿರುವುದು ಅಪರೂಪವೇನಲ್ಲ. ಹುಲಿಗೆಮ್ಮನಿಗೆ ಹುಲಿಗೀಪತಿ ಎಂಬ ಹೆಸರು ಹುಟ್ಟಲಿಲ್ಲ, ಏಕೆಂದರೆ ಅವಳಿಗೆ ಹಂಪೆಯಲ್ಲಾದಂತೆ ಪುರಾಣದ ಮದುವೆ ಆಗಲಿಲ್ಲ.

ಇದರ ಜೊತೆಗೆ ಕನ್ನಡದ ಧ್ವನಿ ಇತಿಹಾಸವೂ ಈ ಹೆಸರಿನ ಕುಟುಂಬವನ್ನು ದೊಡ್ಡದು ಮಾಡಿದೆ. ಹಳಗನ್ನಡದಲ್ಲಿ ಪದದ ಆದಿಯಲ್ಲಿದ್ದ ಪಕಾರವು ಸುಮಾರು 10ನೆಯ ಶತಮಾನದಿಂದ ಮೊದಲುಗೊಂಡು ಮುಂದಿನ ಕೆಲವು ಶತಮಾನಗಳಲ್ಲಿ ಹಕಾರವಾಗಿ ಬದಲಾಯಿತು. ಪಾಲು ಹಾಲಾದದ್ದೂ, ಪುಲಿ ಹುಲಿಯಾದದ್ದೂ ಹೀಗೆ. ಪಂಪೆಯು ಹಂಪೆಯಾದದ್ದು ಈ ಬದಲಾವಣೆಯಲ್ಲೇ. ಸಂಸ್ಕೃತ ಸಮಾಸದೊಳಗೆ ಸೇರಿಕೊಂಡ ಪಂಪೆಗೆ ಈ ಗಾಳಿ ತಾಗದೆ ‘ಪಂಪಾಪತಿ’ಯಲ್ಲಿ ಪಕಾರವೇ ಉಳಿಯಿತು, ‘ಹಂಪಾಪತಿ’ ಎಂಬ ರೂಪ ರೂಢಿಗೆ ಬರಲಿಲ್ಲ. ಕನ್ನಡದ ಪ್ರತ್ಯಯಗಳೊಡನೆ ಕೂಡಿದಾಗ ಮಾತ್ರ ಹಂಪಣ್ಣ, ಹಂಪಯ್ಯ, ಹಂಪನಗೌಡ, ಹೆಣ್ಣುಮಕ್ಕಳಲ್ಲಿ ಹಂಪಮ್ಮ ಎಂಬ ರೂಪಗಳು ಬಂದವು. ಸಿಂಧನೂರಿನ ಶಾಸಕರಾದ ಹಂಪನಗೌಡ ಬಾದರ್ಲಿ, ಮಾನ್ವಿಯ ಶಾಸಕರಾದ ಹಂಪಯ್ಯ ನಾಯಕ ಅವರ ಹೆಸರುಗಳು ಈ ಎರಡನೆಯ ಕವಲಿನವು. ಹಂಪ ಎಂದು ಕೇಳಿದ ಕೂಡಲೆ ಹಂಪೆಯನ್ನು ನೆನೆಯುವುದೂ ಎಲ್ಲ ಕಡೆಯೂ ಸರಿಯಲ್ಲ. ವಿದ್ವಾಂಸರಾದ ಹಂಪ ನಾಗರಾಜಯ್ಯನವರ ಹೆಸರಿನ ಮುಂದಿರುವುದು ಗೌರಿಬಿದನೂರು ತಾಲ್ಲೂಕಿನ ಹಂಪಸಂದ್ರ. 941ರಲ್ಲಿ ‘ವಿಕ್ರಮಾರ್ಜುನ ವಿಜಯ’ವನ್ನು ಬರೆದ ಆದಿಕವಿಯು ಜೈನನಾಗಿಯೂ ಪಂಪನೆಂಬ ಹೆಸರನ್ನು ಹೊತ್ತಿದ್ದನು ಎಂಬುದನ್ನು ನೋಡಿದರೆ, ‘ಪತಿ’ ಎಂಬುದರ ನೆರವಿಲ್ಲದೆಯೇ ಈ ಪದವು ಗಂಡಸಿನ ಹೆಸರಾಗಿ ನಿಲ್ಲಬಲ್ಲದಾಗಿತ್ತೆಂದು ತಿಳಿಯುತ್ತದೆ.

ದೇವರು ಪಂಪೆಯವನು ಎಂಬ ಭಾವನೆಯನ್ನು ಕನ್ನಡ ಸಾಹಿತ್ಯದಲ್ಲಿ ಗಟ್ಟಿಗೊಳಿಸಿದವರಲ್ಲಿ ಮೊದಲಿಗನು ಹರಿಹರ ಕವಿ. ದ್ವಾರಸಮುದ್ರದ ಆಸ್ಥಾನದ ಕೆಲಸವನ್ನು ಬಿಟ್ಟು ಹಂಪೆಗೆ ಬಂದು ನೆಲೆಸಿದನೆಂದು ಹೇಳಲಾಗುವ ಅವನು ತನ್ನ ಇಷ್ಟದೈವವನ್ನು ಕುರಿತು ‘ಪಂಪಾಶತಕ’ವನ್ನು ಬರೆದನು, ಶತಕವೆಂದರೆ ನೂರರಷ್ಟು ಪದ್ಯಗಳ ಸ್ತುತಿಕಾವ್ಯ. ವಿರೂಪಾಕ್ಷನನ್ನು ಹೊಗಳುವ ಆ ಕೃತಿಗೆ ಪಂಪೆಯ ಹೆಸರು ಬಂದದ್ದು, ಅವನ ಸೋದರಳಿಯನಾದ ರಾಘವಾಂಕನ ಕಾವ್ಯಗಳಲ್ಲೂ ಹಂಪೆಯ ದೇವರೇ ಒಡೆಯನಾಗಿ ಬಂದದ್ದು, ವಿಜಯನಗರವು ಹುಟ್ಟುವ ಮೊದಲೇ ಈ ದೇವರಿಗೆ ಭಕ್ತರ ನಡುವೆ ಸ್ಥಳದ ಗುರುತು ಎಷ್ಟು ಅಂಟಿಕೊಂಡಿತ್ತೆಂಬುದನ್ನು ತೋರಿಸುತ್ತದೆ.

ಹೆಸರಿನ ಬಳಕೆ ವ್ಯಾಪಕವಾಗಲು ಸಾಹಿತ್ಯಕ್ಕಿಂತಲೂ ಪೂಜೆಯ ನಿರಂತರತೆಯೇ ದೊಡ್ಡ ಕಾರಣವೆಂದು ಹೇಳಬೇಕು. ವಿಜಯನಗರವನ್ನು ಹಾಳುಗೆಡವಿದ 1565ರ ಯುದ್ಧದ ನಂತರ ಹಂಪೆಯ ವಿಟ್ಠಲ, ಹಜಾರರಾಮ, ಅಚ್ಯುತರಾಯ ದೇವಾಲಯಗಳಲ್ಲಿ ಪೂಜೆ ನಿಂತುಹೋದರೂ ವಿರೂಪಾಕ್ಷ ದೇವಾಲಯದಲ್ಲಿ ಅದು ಮುಂದುವರಿಯಿತು. ಶಿಲ್ಪದ ದೃಷ್ಟಿಯಿಂದ ವಿಟ್ಠಲ ದೇವಾಲಯವು ಎಷ್ಟೇ ಹೆಚ್ಚಿನದಾದರೂ, ಜಾತ್ರೆಯಿಲ್ಲದ, ಹರಕೆಯಿಲ್ಲದ ಗುಡಿಯಿಂದ ಮಕ್ಕಳಿಗೆ ಹೆಸರು ಬರುವುದಿಲ್ಲ. ಈ ಸೀಮೆಯ ವಿಠ್ಠಲ, ವಿಠೋಬರು ನೋಡುವುದು ಪಂಢರಪುರದ ಕಡೆಗೆ. ಮಕ್ಕಳಾಗದವರು ಹರಕೆ ಹೊತ್ತು ಹುಟ್ಟಿದ ಮಗುವಿಗೆ ಆ ದೇವರ ಹೆಸರನ್ನೇ ಇಡುವುದು, ಚೈತ್ರದ ಜಾತ್ರೆಗೆ ಹೋಗಿ ಜವಳ ತೆಗೆಸುವುದು, ಮುಂದೆ ಆ ಮಗನ ಮೊಮ್ಮಗನಿಗೆ ಅಜ್ಜನ ಹೆಸರೆಂದು ಅದನ್ನೇ ಮತ್ತೆ ಇಡುವುದು ಎಂಬ ರೂಢಿಗಳಿಂದ ಒಂದು ಹರಕೆಯು ಹಲವು ತಲೆಮಾರುಗಳ ಹೆಸರಾಗಿ ಉಳಿಯುತ್ತಿತ್ತು. ಮಾವನ ಹೆಸರನ್ನು ಸೊಸೆಯು ಬಾಯಲ್ಲಿ ಹೇಳಬಾರದೆಂಬ ಕಟ್ಟುಪಾಡು ಹಿಂದಿನವರಲ್ಲಿದ್ದುದರಿಂದ, ಅಜ್ಜನ ಹೆಸರು ಪಡೆದ ಮಗುವನ್ನು ತಾಯಿಯು ಸ್ವಾಮಿ, ಅಪ್ಪಾಜಿ ಎಂದು ಬೇರೆಯಾಗಿ ಕರೆಯುತ್ತಿದ್ದಳು. ಲಿಂಗಾಯತ, ಕುರುಬ, ನಾಯಕ, ರೆಡ್ಡಿ, ಬ್ರಾಹ್ಮಣ, ದಲಿತ ಎಂಬ ಭೇದವಿಲ್ಲದೆ ಎಲ್ಲ ಸಮುದಾಯಗಳಲ್ಲೂ ಈ ಹೆಸರು ಹರಡಿರುವುದರಿಂದ, ಹೆಸರನ್ನು ಕೇಳಿ ಊರಿನ ದಿಕ್ಕನ್ನು ಊಹಿಸಬಹುದೇ ಹೊರತು ಜಾತಿಯನ್ನು ಊಹಿಸಲಾಗದು. ಹೆಸರಿನಲ್ಲಿರುವ ದೇವರು ಅದನ್ನು ಹೊತ್ತವನ ವಿಚಾರವನ್ನೂ ಕಟ್ಟಿಹಾಕಲಿಲ್ಲ: ದಾವಣಗೆರೆಯ ಗಿರಣಿ ಕಾರ್ಮಿಕರ ನಾಯಕರಾಗಿ 1980ರ ದಶಕದಲ್ಲಿ ವಿಧಾನಸಭೆಯಲ್ಲಿದ್ದ ಭಾರತ ಕಮ್ಯುನಿಸ್ಟ್ ಪಕ್ಷದ ಪಂಪಾಪತಿಯವರು ಕರ್ನಾಟಕದ ರಾಜಕೀಯದಲ್ಲಿ ಈ ಹೆಸರಿನ ಅತ್ಯಂತ ಪ್ರಸಿದ್ಧ ವ್ಯಕ್ತಿ.

ಇಷ್ಟು ಹರಡಿದ್ದ ಹೆಸರನ್ನು ಮಕ್ಕಳಿಗೆ ಇಡುವುದು ಈಗ ಕಡಿಮೆಯಾಗಿದೆ. ದೇವಾಲಯದ ರೂಢಿಯ ಹೆಸರು ಬದಲಾದುದಕ್ಕೂ ವ್ಯಕ್ತಿಗಳ ಹೆಸರು ಹೀಗೆ ಹಿಂದೆ ಸರಿದುದಕ್ಕೂ ಸಂಬಂಧವಿರಬೇಕೆಂದು ಊಹಿಸಲು ಅವಕಾಶವಿದೆ. ಬಳ್ಳಾರಿಯಲ್ಲಿ ಅಧಿಕಾರಿಯಾಗಿದ್ದ ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ವಿಜಯನಗರದ ಇತಿಹಾಸದಲ್ಲಾಗಲಿ, ಪುರಾತತ್ತ್ವ ಇಲಾಖೆಯ ಲಾಂಗ್‌ಹರ್ಸ್ಟ್ 1917ರಲ್ಲಿ ಬರೆದ ಹಂಪೆಯ ಅವಶೇಷಗಳ ಪುಸ್ತಕದಲ್ಲಾಗಲಿ ಈ ಗುಡಿಯು ಪಂಪಾಪತಿ ದೇವಾಲಯವೆಂದೇ ಬರುತ್ತದೆ. ಸ್ಥಳೀಯರ ಬಾಯಿಯಿಂದ ಕೇಳಿದ ಹೆಸರನ್ನೇ ಅವರು ಬರೆದುಕೊಂಡಿರಬೇಕು. ಮುಂದೆ ಶಾಸನಗಳ ಅಧ್ಯಯನ ಬೆಳೆದು, 1986ರಲ್ಲಿ ಹಂಪೆಯು ವಿಶ್ವ ಪರಂಪರೆಯ ಪಟ್ಟಿಗೆ ಸೇರಿ, ಪಠ್ಯಪುಸ್ತಕ, ಮಾರ್ಗಸೂಚಿ ಮತ್ತು ಪ್ರವಾಸದ ಕರಪತ್ರಗಳೆಲ್ಲ ಶಾಸನದ ಹೆಸರನ್ನು ಹಿಡಿದ ಮೇಲೆ, ವಿರೂಪಾಕ್ಷ ದೇವಾಲಯ ಎಂಬುದೇ ಒಂದೇ ಹೆಸರಾಗಿ ನಿಂತಿತು. ಹಾಗೆಯೇ 1953ರಿಂದ ನೀರು ಕೊಡತೊಡಗಿದ ಹೊಸಪೇಟೆಯ ಜಲಾಶಯಕ್ಕೆ ಪಂಪಾಸಾಗರವೆಂಬ ಹೆಸರಿದ್ದರೂ ಜನರ ಬಾಯಲ್ಲಿ ಅದು ಟಿ.ಬಿ. ಡ್ಯಾಮ್. ಹೊರಗಿನವರಿಗಂತೂ ಪಂಪಾ ಎಂದರೆ ಈಗ ಶಬರಿಮಲೆಯ ದಾರಿಯಲ್ಲಿ ಸಿಗುವ ಕೇರಳದ ನದಿ.

ಇದಕ್ಕಿಂತಲೂ ನೇರವಾದ ಇನ್ನೊಂದು ಕಾರಣವು ಹೆಸರಿಡುವ ಪದ್ಧತಿಯಲ್ಲೇ ಇದೆ. ಹರಕೆ ಮತ್ತು ಅಜ್ಜನ ಹೆಸರು ಎಂಬ ಎರಡು ಆಧಾರಗಳ ಜಾಗದಲ್ಲಿ ಈಗ ಜನ್ಮನಕ್ಷತ್ರದ ಅಕ್ಷರವು ಬಂದು ಕುಳಿತಿದೆ. 27 ನಕ್ಷತ್ರಗಳಿಗೆ ತಲಾ ನಾಲ್ಕು ಪಾದಗಳಂತೆ 108 ಪಾದಗಳಿದ್ದು, ಒಂದೊಂದು ಪಾದಕ್ಕೂ ಪಂಚಾಂಗವು ಒಂದೊಂದು ಅಕ್ಷರವನ್ನು ಹೇಳುತ್ತದೆ. ಅದರಂತೆ ‘ಪ’ ಎಂಬುದು ಉತ್ತರಾ ನಕ್ಷತ್ರದ ಮೂರನೆಯ ಪಾದಕ್ಕೆ, ‘ವಿ’ ಎಂಬುದು ರೋಹಿಣಿಯ ಮೂರನೆಯ ಪಾದಕ್ಕೆ ಸೇರಿವೆ. ಅಕ್ಷರವನ್ನು ಕಟ್ಟುನಿಟ್ಟಾಗಿ ಪಾಲಿಸುವ ಮನೆಯಲ್ಲಿ ಪಂಪಾಪತಿ ಎಂಬ ಹೆಸರು 108 ಪಾದಗಳಲ್ಲಿ ಒಂದರಲ್ಲಿ ಹುಟ್ಟಿದ ಮಗುವಿಗೆ ಮಾತ್ರ ದೊರೆಯುತ್ತದೆ, ಆ ಮಗುವಿನ ತಂದೆತಾಯಿಗಳ ಮುಂದೆಯೂ ಪವನ್, ಪ್ರಜ್ವಲ್, ಪ್ರಣವ್ ಎಂಬ ಸಾಲು ನಿಂತಿರುತ್ತದೆ. ಹಿಂದೆ ನಾಮಕರಣದ ದಿನ ಅಕ್ಷರದ ಹೆಸರೊಂದನ್ನು ಕಿವಿಯಲ್ಲಿ ಹೇಳಿ ಜಾತಕದಲ್ಲಿ ಬರೆದಿಟ್ಟು, ಕರೆಯುವುದಕ್ಕೆ ಮನೆದೇವರ ಹೆಸರನ್ನು ಬಳಸುವ ಜಾಣತನವಿತ್ತು. ಜನನ ಪ್ರಮಾಣಪತ್ರ, ಆಧಾರ್, ಶಾಲೆಯ ದಾಖಲೆಗಳಲ್ಲೆಲ್ಲ ಒಂದೇ ಹೆಸರು ಇರಬೇಕಾದ ಈ ಕಾಲದಲ್ಲಿ ಎರಡು ಹೆಸರಿನ ಆ ಅನುಕೂಲ ತಪ್ಪಿದೆ. ಐದಕ್ಷರದ ‘ವಿರೂಪಾಕ್ಷಪ್ಪ’ ಮತ್ತು ನಾಲ್ಕಕ್ಷರದ ‘ಪಂಪಾಪತಿ’ ಎರಡೂ ಎರಡು-ಮೂರಕ್ಷರದ ಹೆಸರುಗಳನ್ನು ಬಯಸುವ ಅಭಿರುಚಿಗೆ ಉದ್ದವೆನಿಸುತ್ತವೆ. ಇವುಗಳಲ್ಲಿ ವಿರೂಪಾಕ್ಷಕ್ಕೆ 2023ರಲ್ಲಿ ಅದೇ ಶೀರ್ಷಿಕೆಯ ತೆಲುಗು ಚಲನಚಿತ್ರದಿಂದ ಸ್ವಲ್ಪ ಹೊಳಪು ಬಂದಿರಬಹುದಾದರೂ ಪಂಪಾಪತಿಗೆ ಅಂಥ ಅದೃಷ್ಟವಿಲ್ಲ.

ದಾಖಲೆಗಳಲ್ಲಿ ಈ ಹೆಸರು ಹಳೆಯ ಆಡಳಿತಗಳ ಗುರುತನ್ನೂ ಉಳಿಸಿಕೊಂಡಿದೆ. 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರುವವರೆಗೆ ಹೊಸಪೇಟೆಯ ಸೀಮೆಯು ಮದರಾಸಿನ ಆಡಳಿತದಲ್ಲಿದ್ದುದರಿಂದ, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಯ ‘ತಿ’ಗೆ ದಕ್ಷಿಣದ ರೂಢಿಯಂತೆ ‘ಎಚ್’ ಅಕ್ಷರವನ್ನು ಸೇರಿಸುವುದು ಇಲ್ಲಿ ಸಾಮಾನ್ಯ. ವಿರೂಪಾಕ್ಷನ ಕ್ಷಕಾರವನ್ನು ಹಳೆಯ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಜಿಲ್ಲೆಗಳಲ್ಲಿ ‘ಎಕ್ಸ್’ ಅಕ್ಷರದಿಂದ ಬರೆಯುವ ಅಭ್ಯಾಸವು ಹೆಚ್ಚಾಗಿದ್ದು, ತೆಂಕಣದವರು ಮೂರು ಅಕ್ಷರಗಳನ್ನು ಕೂಡಿಸಿ ಬರೆಯುತ್ತಾರೆ. ಬಡಗಣದಲ್ಲಿ ಮನೆತನದ ಹೆಸರು ವ್ಯಕ್ತಿಯ ಹೆಸರಿನ ಹಿಂದೆ ಬಂದರೆ ಹೊಸಪೇಟೆ, ಸಂಡೂರು, ಕಂಪ್ಲಿಗಳಲ್ಲಿ ಊರಿನ ಮತ್ತು ತಂದೆಯ ಹೆಸರುಗಳ ಮೊದಲಕ್ಷರಗಳು ಮುಂದೆಯೇ ನಿಲ್ಲುತ್ತವೆ. ಹೆಣ್ಣುಮಕ್ಕಳ ಕಡೆ ಪಂಪಮ್ಮ, ಹಂಪಮ್ಮರು ಅಜ್ಜಿಯರ ತಲೆಮಾರಿಗೆ ಸೀಮಿತವಾಗುತ್ತಿದ್ದರೂ, ಪ್ರತ್ಯಯವನ್ನು ಕಳಚಿಕೊಂಡ ಪಂಪಾ ಎಂಬ ರೂಪವು ಎರಡೇ ಅಕ್ಷರದ್ದಾಗಿ ಇಂದಿನ ಅಭಿರುಚಿಗೂ ಹೊಂದುವುದರಿಂದ, ಈ ಕುಟುಂಬದಲ್ಲಿ ಮುಂದೆ ಬಳಕೆಗೆ ಬರಬಹುದಾದ ಹೆಸರು ಗಂಡನದಕ್ಕಿಂತ ಹೆಂಡತಿಯದೇ ಆಗುವ ಸಾಧ್ಯತೆ ಹೆಚ್ಚು.